ಪಡಸಾಲೆ ಮಾತು: ಸಿಹಿ ಸುದ್ದಿಯನ್ನು ಹೇಳಿಕೊಳ್ಳಬೇಕೇ?



ಒಂದು ಪ್ರಶ್ನೆ ಕೇಳ್ತೀನಿ. ಉತ್ತರವನ್ನು ನನಗೆ ಹೇಳಬೇಕಾಗಿಲ್ಲ, ನಿಮ್ಮಷ್ಟಕ್ಕೆ ನೀವೇ ಹೇಳಿಕೊಳ್ಳಿ. ಮಗನದಲ್ಲ, ಯಜಮಾನರದಲ್ಲ, ನಿಮ್ಮದೇ ಒಂದು ಸಂತೋಷದ ಸುದ್ದಿಯನ್ನು ನೆರೆಮನೆಗೆ ಹೋಗಿ ಬಾಯಿ ತುಂಬ ಹೇಳಿ ಎಷ್ಟು ದಿನವಾಯಿತು?

ಮಂಡಿ ನೋವು, ಬೇಳೆಯ ಬೆಲೆ, ನಲ್ಲಿಗೆ ಬಾರದ ನೀರು, ಮಾತು ಕೇಳದ ಮಕ್ಕಳು ಇವನ್ನೆಲ್ಲ ನಾವು ದಿನವೂ ಹೇಳಿಕೊಳ್ಳುತ್ತೇವೆ. ಕಷ್ಟ ಹೇಳಿಕೊಳ್ಳುವುದಕ್ಕೆ ಯಾರಿಗೂ ಸಂಕೋಚವಿಲ್ಲ. ಆದರೆ ಸುಖ ಬಂದಾಗ ಮಾತ್ರ ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡು ಸುಮ್ಮನಾಗಿಬಿಡುತ್ತೇವೆ. ಇದೇಕೆ ಹೀಗೆ? ಈ ಸಲದ ಪಡಸಾಲೆಯಲ್ಲಿ ಇದನ್ನೇ ಕುಳಿತು ಮಾತಾಡೋಣ ಅಂತ. ಅದಕ್ಕೆ ಕಾರಣ ಒಂದು ಕಾಗದ.

ಕಾಗದ ಬಂದದ್ದು ನಮ್ಮ ತಂಬ್ರಹಳ್ಳಿ ಕಡೆಯ ಒಂದು ಹಳ್ಳಿಯಿಂದ. ಬರೆದಾಕೆಗೆ 38 ವರ್ಷ. ಒಂಬತ್ತನೇ ಇಯತ್ತೆಯಲ್ಲಿದ್ದಾಗ ಶಾಲೆ ಬಿಡಿಸಿ ಮದುವೆ ಮಾಡಿದರಂತೆ. ಈಗ ಹೊಲ, ಎರಡು ಎಮ್ಮೆ, ಅತ್ತೆ, ಗಂಡ, ಇಬ್ಬರು ಮಕ್ಕಳು. ಈ ವರ್ಷ ಆಕೆ ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಕಟ್ಟಿದ್ದರು. ಮಗಳೂ ಇದೇ ವರ್ಷ ಶಾಲೆಯಿಂದ ಅದೇ ಪರೀಕ್ಷೆ ಬರೆದಳು. ತಾಯಿಗೆ ಇಂಗ್ಲಿಷ್ ಹೇಳಿಕೊಟ್ಟದ್ದು ಮಗಳೇ! ರಾತ್ರಿ ಊಟದ ಪಾತ್ರೆ ತೊಳೆದಿಟ್ಟ ಮೇಲೆ ತಾಯಿ ಮಗಳು ಒಂದೇ ಚಾಪೆಯ ಮೇಲೆ ಕುಳಿತು ಓದಿದರಂತೆ. ಮುಂದಿನದನ್ನು ಆಕೆಯ ಮಾತಿನಲ್ಲೇ ಕೇಳಿ:

“ಅಕ್ಕಾರೆ, ರಿಸಲ್ಟ್ ಬಂದ ದಿನ ನನ್ನದು ಪಾಸ್ ಅಂತ ಬಂತು, ಅಕೀದು ಗಣಿತದಾಗ ಹೋತು. ಅಕಿ ಅಳಕೋಂತ ಕುಂತಿದ್ಲು. ಅವ್ವಾ, ನಿಂದೇನಾತು ಅಂತ ಕೇಳಿದ್ಲು. ನಾನು ಇನ್ನೂ ನೋಡಿಲ್ಲ ಬಿಡವ್ವಾ ಅಂದೆ. ಮಾರ್ಕ್ಸ್ ಕಾರ್ಡ್ ಟ್ರಂಕಿನಾಗ ಮದುವಿ ಸೀರಿ ಕೆಳಗ ಇಟ್ಟೀನಿ. ನಮ್ಮತ್ತಿಗೆ ಪರೀಕ್ಷಿ ಕಟ್ಟಿದ್ದೇ ಗೊತ್ತಿಲ್ಲ. ಓಣ್ಯಾಗ ಹೇಳಿದ್ರ ಜಂಬ ಅಂತಾರ, ಕಣ್ಣೂ ಬೀಳ್ತೈತಿ. ಹೇಳಲಿಲ್ಲಂದ್ರ ಎದಿಯಾಗ ಇಟ್ಟುಕೊಳ್ಳಾಕ ಆಗವಲ್ದು. ಇದನ್ನ ಹೇಳ್ಕೋಬೇಕಾ, ಬ್ಯಾಡಾ?”

ಇಷ್ಟೇ ಕಾಗದ. ಓದಿ ಮಡಿಚಿಟ್ಟು ಬೇರೆ ಕೆಲಸ ನೋಡುವುದಕ್ಕೆ ಆಗಲಿಲ್ಲ ನೋಡಿ. ಹೇಳಬೇಕು ಅಂತ ಒಂದೇ ಮಾತಿನಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಆ ಮಗಳ ಕಣ್ಣೀರಿನ ಎದುರಿಗೆ ಯಾವ ಉತ್ತರವೂ ಅಷ್ಟು ಸುಲಭವಲ್ಲ. ಅದಕ್ಕೇ ಸ್ವಲ್ಪ ಸುತ್ತಿ ಬಳಸಿ ಬರ್ತೀನಿ, ಬೇಸರಿಸಬೇಡಿ.

ನಮ್ಮ ಹಿರಿಯರು ಸುಖವನ್ನು ಮುಚ್ಚಿಟ್ಟುಕೊಳ್ಳುವ ಜನವಾಗಿರಲಿಲ್ಲ. ಎಮ್ಮೆ ಕರು ಹಾಕಿತೆನ್ನಿ. ಗಿಣ್ಣದ ಹಾಲು ಮನೆಯವರಿಗೇ ಸಾಲದಿದ್ದರೂ ಓಣಿಯ ನಾಲ್ಕು ಮನೆಗೆ ಹೋಗಲೇಬೇಕು. ಹಾಲು ತಂದ ಪಾತ್ರೆಯನ್ನು ಬರಿದಾಗಿ ತಿರುಗಿಸುವ ಹಾಗಿಲ್ಲ, ಒಂದು ಚೂರು ಬೆಲ್ಲವನ್ನಾದರೂ ಹಾಕಿಯೇ ಕೊಡಬೇಕು. ಮಗು ಹುಟ್ಟಿದರೆ ಸಕ್ಕರೆ, ಬಸುರಿಗೆ ಕುಬಸ, ಕೂಸಿಗೆ ತೊಟ್ಟಿಲು. ಬೋರಿನಲ್ಲಿ ನೀರು ಬಿದ್ದರೆ ಕಾಯಿ ಒಡೆದು ಮೊದಲು ದೇವರಿಗೆ, ಆಮೇಲೆ ಅಲ್ಲಿ ನಿಂತವರಿಗೆಲ್ಲ. ಸೀಗಿ ಹುಣ್ಣಿಮೆ ಬಂತೆಂದರೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ದಾರಿಯಲ್ಲಿ ಹೋಗುವವರನ್ನೂ ಕರೆದು ಉಣ್ಣಿಸುವುದು. ಇವೆಲ್ಲ ಬರೀ ಶಾಸ್ತ್ರವೆಂದು ತಿಳಿಯಬೇಡಿ. ಪತ್ರಿಕೆ, ಫೋನು ಇಲ್ಲದ ಕಾಲಕ್ಕೆ ಊರಿಗೆ ಸುದ್ದಿ ಮುಟ್ಟಿಸುವ ದಾರಿಯೂ ಇದೇ ಆಗಿತ್ತು. ಕೈಗೆ ಸಕ್ಕರೆ ಬಂದ ಮೇಲೆ “ಯಾಕವ್ವಾ, ಏನು ವಿಶೇಷ?” ಎಂದು ಕೇಳದೆ ಇರುವುದು ಹೇಗೆ? ಕೇಳಿದ ಮೇಲೆ ಹೇಳದೆ ಇರುವುದು ಹೇಗೆ? ಹೇಳುವವಳಿಗೆ ನಾಚಿಕೆಯಾಗದ ಹಾಗೆ ಸಕ್ಕರೆಯೇ ಮಾತು ತೆಗೆಯುತ್ತಿತ್ತು.

ಅಣೆಕಟ್ಟು ಬಂದ ಮೇಲೆ ನಮ್ಮ ಭಾಗದಲ್ಲಿ ಇದಕ್ಕೂ ಒಂದು ಪೆಟ್ಟು ಬಿತ್ತು. 1953ರಲ್ಲಿ ತುಂಗಭದ್ರೆಗೆ ಅಡ್ಡಲಾಗಿ ನೀರು ನಿಂತಾಗ ಹಿನ್ನೀರಿನಲ್ಲಿ ಎಷ್ಟೋ ಹಳ್ಳಿಗಳು ಮುಳುಗಿದವು. ಒಂದೇ ಓಣಿಯಲ್ಲಿದ್ದವರು ಒಬ್ಬರು ಒಂದು ಕಡೆ, ಇನ್ನೊಬ್ಬರು ಇನ್ನೊಂದು ಕಡೆ ಹೋಗಿ ನೆಲೆಸಬೇಕಾಯಿತು. ಗಿಣ್ಣದ ಪಾತ್ರೆ ಅಷ್ಟು ದೂರ ಹೋದೀತೇ? ಆಗ ಕಾರ್ಡು ಕೈ ಹಿಡಿಯಿತು. ಮೂಲೆಗೆ ಅರಿಶಿನ ಹಚ್ಚಿದ ಕಾರ್ಡು ಬಂತೆಂದರೆ ಓದು ಬಾರದ ಅಜ್ಜಿಗೂ ಗೊತ್ತಾಗುತ್ತಿತ್ತು, ಇದು ಶುಭ ಸುದ್ದಿ ಅಂತ. ತಂತಿ ಮಾತ್ರ ಹಾಗಲ್ಲ. ತಂತಿಯವನು ಬಾಗಿಲಿಗೆ ಬಂದರೆ ಸಾಕು, ಒಡೆದು ಓದುವ ಮೊದಲೇ ಮನೆಯಲ್ಲಿ ಅಳು ಶುರು! ಒಳಗೆ ಗಂಡು ಮಗುವಾಯಿತು, ಕೆಲಸ ಸಿಕ್ಕಿತು ಅಂತಲೇ ಇದ್ದರೂ ಮೊದಲು ಎದೆ ಧಸಕ್ಕೆನ್ನುತ್ತಿತ್ತು. ಆ ತಂತಿ ಸೇವೆಯೂ 2013ರ ಜುಲೈನಲ್ಲಿ ನಿಂತುಹೋಯಿತು. ಕೆಟ್ಟ ಸುದ್ದಿಗೆ ಜನ ಎಷ್ಟು ಒಗ್ಗಿಹೋಗಿದ್ದರು ಎನ್ನುವುದನ್ನು ಮಾತ್ರ ಆ ತಂತಿ ಚೆನ್ನಾಗಿ ತೋರಿಸಿಕೊಟ್ಟಿತು.

ಹಳೆಯದನ್ನು ಹೊಗಳುವುದಕ್ಕೆ ಇದನ್ನೆಲ್ಲ ಬರೆಯುತ್ತಿಲ್ಲ. ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಎಮ್ಮೆಗೆ ಇದೆ, ಹೊಲಕ್ಕೆ ಇದೆ, ಬೋರಿಗೆ ಇದೆ, ಕೂಸಿಗೆ ಇದೆ. ಹೆಣ್ಣಿಗೆ? ಆಕೆ ಮದುವಣಗಿತ್ತಿಯಾದರೆ ಇದೆ, ಬಸುರಿಯಾದರೆ ಇದೆ, ಬಾಣಂತಿಯಾದರೆ ಇದೆ. ಆಕೆ ತಾನಾಗಿ ಒಂದನ್ನು ಕಲಿತರೆ, ಗಳಿಸಿದರೆ, ಗೆದ್ದರೆ? ಅದಕ್ಕೊಂದು ಶಾಸ್ತ್ರವನ್ನು ಯಾರೂ ಮಾಡಿಡಲಿಲ್ಲ. ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದ ದಿನಕ್ಕೆ ಆರತಿ ಇಲ್ಲ. ಸಂಘದ ಸಾಲದ ಕೊನೆಯ ಕಂತು ಕಟ್ಟಿದ ದಿನಕ್ಕೆ ಸಕ್ಕರೆ ಇಲ್ಲ. ನಲವತ್ತರಲ್ಲಿ ಸ್ಕೂಟಿ ಕಲಿತು ಸಂತೆಗೆ ಹೋಗಿ ಬಂದರೆ ಉಡಿ ತುಂಬುವವರಿಲ್ಲ. ಹಾಗಾಗಿ ಇಂಥ ಸುದ್ದಿಯನ್ನು ಹೇಳುವುದು ಹೇಗೆಂಬುದೇ ನಮಗೆ ತಿಳಿಯದು. ನಮ್ಮ ಸೋದರಿಯ ಮಾರ್ಕ್ಸ್ ಕಾರ್ಡು ಟ್ರಂಕಿನ ತಳ ಸೇರಿದ್ದಕ್ಕೆ ಇದೂ ಒಂದು ಕಾರಣ.

ಇನ್ನೊಂದನ್ನೂ ಹೇಳಿಬಿಡ್ತೀನಿ. ಆ ಸಕ್ಕರೆ ಎಲ್ಲರಿಗೂ ಒಂದೇ ಸಮನಾಗಿ ಹಂಚಿಕೆಯಾಗಲಿಲ್ಲ. ಗಂಡಾದರೆ ಎಡಬಿಡದೆ ಹಂಚಿದ ಕೈ, ಹೆಣ್ಣಾದರೆ “ಲಕ್ಷ್ಮಿ ಬಂದಾಳ ಬಿಡ್ರಿ” ಎಂದು ಮೆಲ್ಲಗೆ ಹೇಳಿ ಸುಮ್ಮನಾಯಿತು. ಹಾಗೆ ಸುಮ್ಮನಾಗುತ್ತ ಬಂದುದರ ಫಲ ಎಲ್ಲಿಗೆ ಮುಟ್ಟಿತು ಗೊತ್ತೇ? ಹುಟ್ಟುವ ಮುಂಚೆಯೇ ಹೆಣ್ಣೋ ಗಂಡೋ ಎಂದು ಹೇಳಬಾರದೆಂದು 1994ರಲ್ಲಿ ಕಾನೂನೇ ಮಾಡಬೇಕಾಯಿತು. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದಲ್ಲಿ ಆರು ವರ್ಷದೊಳಗಿನ 1000 ಗಂಡು ಮಕ್ಕಳಿಗೆ 948 ಹೆಣ್ಣು ಮಕ್ಕಳು ಮಾತ್ರ ಇದ್ದರು. ಇನ್ನು ಗಂಡನನ್ನು ಕಳೆದುಕೊಂಡವಳನ್ನು, ಮಕ್ಕಳಾಗದವಳನ್ನು ಕುಬಸಕ್ಕೂ ತೊಟ್ಟಿಲಿಗೂ ಕರೆಯದೆ ಹೊಸ್ತಿಲಾಚೆ ನಿಲ್ಲಿಸಿದ ಮನೆಗಳು ಕಡಿಮೆಯೇ? ಸಿಹಿ ಹಂಚುವಾಗ ಯಾರ ಬಾಗಿಲು ಬಿಟ್ಟುಹೋಯಿತು ಅಂತ ನೋಡುವುದೂ ಹಂಚುವವಳ ಕೆಲಸ.

ಈಗ “ಕಣ್ಣು ಬೀಳ್ತೈತಿ” ಎನ್ನುವ ಮಾತಿಗೆ ಬರೋಣ. ಇದನ್ನು ನಗೆಯಾಡಿ ತಳ್ಳಿಹಾಕುವುದಿಲ್ಲ. ನಂಬುವವರ ಭಯ ಅವರಿಗೆ ನಿಜವೇ. ಆದರೆ ಒಂದು ವಿಚಾರ ಮಾಡಿ. ದೃಷ್ಟಿಗೆ ಹೆದರಿದ ನಮ್ಮ ಅಜ್ಜಿಯರು ತೊಟ್ಟಿಲು ತೂಗುವುದನ್ನು ಬಿಟ್ಟರೇ? ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟರು, ಉಪ್ಪು ಮೆಣಸಿನಕಾಯಿ ನಿವಾಳಿಸಿದರು, ಲಟಿಕೆ ಮುರಿದರು. ಆಮೇಲೆ ಧೈರ್ಯವಾಗಿ ಊರಿಗೆಲ್ಲ ತೋರಿಸಿದರು! ದೃಷ್ಟಿಗೆ ಅವರು ಕಂಡುಕೊಂಡ ಮದ್ದು ನಿವಾಳಿಸುವುದೇ ಹೊರತು ಬಚ್ಚಿಡುವುದಲ್ಲ.

ಇದಕ್ಕೆ ನಮ್ಮ ಪಕ್ಕದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವರಿಗಿಂತ ಒಳ್ಳೆಯ ಉದಾಹರಣೆ ಬೇಕೇ? ಜೋಗತಿ ನೃತ್ಯದಲ್ಲಿ ಹೆಸರು ಮಾಡಿದ ಮಂಜಮ್ಮನವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಸ್ಥಾನಕ್ಕೆ ಬಂದ ಮೊದಲ ತೃತೀಯ ಲಿಂಗಿ ಅವರು. ಹೊಟ್ಟೆಪಾಡಿಗಾಗಿ ಬೇಡಿ ತಿಂದ ದಿನಗಳನ್ನು ಕಂಡ ಜೀವ ಅದು. 2021ರ ನವೆಂಬರ್‌ನಲ್ಲಿ ದೆಹಲಿಯ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆಯಲು ಹೋದಾಗ ಅವರು ಮಾಡಿದ್ದೇನು? ಅಷ್ಟು ದೊಡ್ಡ ಸಭೆಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರೆದುರು ನಿಂತು, ತಮ್ಮ ಸೆರಗು ಹಿಡಿದು ಅವರಿಗೇ ದೃಷ್ಟಿ ನಿವಾಳಿಸಿದರು! ದೇಶವೆಲ್ಲ ಆ ದೃಶ್ಯ ನೋಡಿ ನಕ್ಕು ನಲಿಯಿತು. ಸನ್ಮಾನ ತಮಗೆ, ದೃಷ್ಟಿ ತೆಗೆದದ್ದು ಎದುರಿಗಿದ್ದವರಿಗೆ. ತನ್ನ ಸುಖದ ಗಳಿಗೆಯಲ್ಲಿ ಎದುರಿನವರಿಗೂ ಒಳ್ಳೆಯದನ್ನು ಬಯಸಿದವಳ ಮೇಲೆ ಯಾರ ಕಣ್ಣು ಬಿದ್ದೀತು ಹೇಳಿ.

ಹಾಗಾದರೆ ಜಂಬ ಯಾವುದು, ಹಂಚಿಕೊಳ್ಳುವುದು ಯಾವುದು? ಗೆರೆ ಬಹಳ ತೆಳುವಾಗಿದೆ ಅಂತ ಜನ ಹೇಳ್ತಾರೆ. ನನಗೇನೋ ಅದು ಸಾಕಷ್ಟು ದಪ್ಪವಾಗಿಯೇ ಕಾಣುತ್ತದೆ. ಕೇಳಿದವಳು ನಿಮ್ಮ ಮಾತಿನಿಂದ ಏನಾದರೂ ತೆಗೆದುಕೊಂಡು ಹೋದರೆ ಅದು ಹಂಚಿಕೊಂಡದ್ದು. ಕೇಳಿದವಳು ತನ್ನದನ್ನೇ ಕಳೆದುಕೊಂಡ ಹಾಗೆ ಎದ್ದು ಹೋದರೆ ಅದು ಜಂಬ. “ನನ್ನ ಮಗಳು ಪಾಸಾದಳು, ನಿಮ್ಮವಳದೇನು?” ಎಂದರೆ ಜಂಬ. “ಪಾಸಾದಳವ್ವಾ, ನಿಮ್ಮ ಮಗ ಹಳೆಯ ಪುಸ್ತಕ ಕೊಟ್ಟಿದ್ದಕ್ಕೆ ಬಹಳ ಅನುಕೂಲವಾಯಿತು” ಎಂದರೆ ಹಂಚಿಕೊಂಡದ್ದು. ಸುದ್ದಿ ಎರಡೂ ಒಂದೇ. ಆದರೆ ಎರಡನೆಯದರಲ್ಲಿ ಕೇಳಿದವಳಿಗೂ ಒಂದು ಪಾಲಿದೆ.

ನಾನು ಮೂರು ಮಾತು ಹೇಳ್ತೀನಿ, ಬೇಕಾದರೆ ಗೋಡೆಗೆ ಬರೆದಿಟ್ಟುಕೊಳ್ಳಿ. ಒಂದು, ಚಿಕ್ಕದಾಗಿ ಹೇಳಿ. ಎರಡು, ನೆರವಾದವರ ಹೆಸರು ಹೇಳಿ. ಮೂರು, ಹೇಗಾಯಿತೆಂಬುದನ್ನು ಹೇಳಿ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಒಳ್ಳೆಯ ಸುದ್ದಿಯೊಳಗೆ ದಾರಿಯೂ ಅಡಗಿರುತ್ತದೆ. ಮೂವತ್ತೆಂಟರಲ್ಲಿ ಎಸ್‌ಎಸ್‌ಎಲ್‌ಸಿ ಕಟ್ಟಬಹುದು, ಅದಕ್ಕೆ ಖಾಸಗಿ ಅಭ್ಯರ್ಥಿ ಎಂಬ ಒಂದು ದಾರಿ ಇದೆ, ಹತ್ತಿರದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡರೆ ಅರ್ಜಿ, ಶುಲ್ಕ, ಕೊನೆಯ ದಿನಾಂಕ ಎಲ್ಲವನ್ನೂ ತಿಳಿಸುತ್ತಾರೆ ಎನ್ನುವುದು ಎಷ್ಟು ಜನ ಹೆಣ್ಣುಮಕ್ಕಳಿಗೆ ಗೊತ್ತು? ನಮ್ಮ ಸೋದರಿಯ ಓಣಿಯಲ್ಲೇ ಏಳನೆಯದಕ್ಕೋ ಎಂಟನೆಯದಕ್ಕೋ ಶಾಲೆ ಬಿಟ್ಟು, ಒಂದು ಕೆಲಸಕ್ಕೆ ಅರ್ಜಿ ಹಾಕಬೇಕೆಂದರೆ ಹತ್ತನೆಯದು ಪಾಸಾಗಿಲ್ಲವೆಂದು ಕೈಚೆಲ್ಲಿ ಕುಳಿತವರು ಇಲ್ಲದೆ ಇರುತ್ತಾರೆಯೇ? ಆ ಮಾರ್ಕ್ಸ್ ಕಾರ್ಡು ಟ್ರಂಕಿನಲ್ಲಿ ಇರುವವರೆಗೂ ಅವರ ದಾರಿಯೂ ಟ್ರಂಕಿನಲ್ಲೇ. ಅಕ್ಕಪಕ್ಕದ ಮನೆಯವಳು ಮಾಡಿ ತೋರಿಸಿದ್ದನ್ನು ಕಂಡರೆ ಬರುವ ಧೈರ್ಯ ಸರ್ಕಾರದ ನೂರು ಪ್ರಕಟಣೆ ಓದಿದರೂ ಬಾರದು.

ಮನೆಯ ಮಗ್ಗುಲಿನ ಒಳ್ಳೆಯ ಸುದ್ದಿಯನ್ನು ನಾವು ಪರಸ್ಪರ ಹೇಳಿಕೊಳ್ಳದೆ ಪತ್ರಿಕೆಯಿಂದಲೇ ತಿಳಿಯುವಂತಾಗಿದೆ. ನಮ್ಮ ಹಗರಿಬೊಮ್ಮನಹಳ್ಳಿ ತಾಲ್ಲೂಕಿನದೇ ಆದ ಅಂಕಸಮುದ್ರದ ಕೆರೆಯನ್ನು ನೋಡಿ. ಎಲ್ಲೆಲ್ಲಿಂದಲೋ ಹಕ್ಕಿಗಳು ಹುಡುಕಿಕೊಂಡು ಬಂದು ಅಲ್ಲಿ ಗೂಡು ಕಟ್ಟುತ್ತವೆ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತೇ ಕಾಪಾಡಬೇಕಾದ ಜೌಗು ತಾಣಗಳ ಪಟ್ಟಿಗೆ ಸೇರಿತು. ಹಕ್ಕಿಗೂ ಗೊತ್ತಿದ್ದ ಸುದ್ದಿ, ಅದೇ ದಾರಿಯಲ್ಲಿ ದಿನವೂ ಬಸ್ಸಿನಲ್ಲಿ ಓಡಾಡುವ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು?

ಹೇಳುವುದು ಎಲ್ಲಿ ಅನ್ನುತ್ತೀರಾ? ನಮಗೆ ಒಂದು ಒಳ್ಳೆಯ ಜಾಗ ಆಗಲೇ ಇದೆ. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಂದಿನಿಂದ ನಮ್ಮ ಹಳ್ಳಿಗಳಲ್ಲಿ ಹದಿನೈದು ಇಪ್ಪತ್ತು ಹೆಂಗಸರ ಸಂಘಗಳು ನಡೆಯುತ್ತಿವೆ. ಕೂಡುವುದು, ಉಳಿತಾಯ ಕಟ್ಟುವುದು, ಸಾಲದ ಲೆಕ್ಕ ಬರೆಯುವುದು, ಯಾರು ಕಂತು ಕಟ್ಟಿಲ್ಲವೋ ಅವರನ್ನು ಕೇಳುವುದು, ಏಳುವುದು. ಇನ್ನು ಮೇಲೆ ಲೆಕ್ಕದ ಪುಸ್ತಕ ತೆರೆಯುವ ಮೊದಲು ಐದೇ ನಿಮಿಷ “ಈ ವಾರ ಯಾರ ಮನೆಯಾಗ ಏನು ಸಿಹಿ ಸುದ್ದಿ?” ಅಂತ ಕೇಳಿ ನೋಡಿ. ಮೊದಲ ವಾರ ಎಲ್ಲರೂ ನಕ್ಕು ಸೆರಗು ಬಾಯಿಗೆ ಹಿಡಿಯುತ್ತಾರೆ. ಎರಡನೆಯ ವಾರ ಒಬ್ಬಳು “ನಮ್ಮ ಕುರಿ ಎರಡು ಮರಿ ಹಾಕೈತಿ” ಅಂತಾಳೆ. ಮೂರನೆಯ ವಾರ ಇನ್ನೊಬ್ಬಳು “ನಾನು ಬ್ಯಾಂಕಿನಾಗ ಒಬ್ಬಾಕೀನ ಹೋಗಿ ದುಡ್ಡು ತಗದೆ” ಅಂತಾಳೆ. ಅಲ್ಲಿಂದ ಮಾತು ತಾನಾಗಿಯೇ ಬರುತ್ತದೆ.

2024ರಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿ ತಮಗೆ ಬಂದ ಗೃಹಲಕ್ಷ್ಮಿ ಹಣವನ್ನು ಕೂಡಿಟ್ಟು ಊರಿಗೆ ಹೋಳಿಗೆ ಊಟ ಹಾಕಿಸಿದ್ದನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ತಿಂಗಳಿಗೆ 2000 ರೂಪಾಯಿ. ಆ ಅಜ್ಜಿ ಅದರಲ್ಲಿ ತನಗೊಂದು ಸೀರೆ ತೆಗೆದುಕೊಂಡಿದ್ದರೂ ಯಾರೂ ಬೇಡವೆನ್ನುತ್ತಿರಲಿಲ್ಲ. ಆದರೆ ಆಕೆಗೆ ತನ್ನ ಸಂತೋಷ ನಾಲ್ಕು ಜನರ ಎಲೆಯ ಮೇಲೆ ಬಿದ್ದಾಗಲೇ ಸಂತೋಷ ಅನ್ನಿಸಿತು. ಎಲ್ಲರೂ ಊರಿಗೆ ಊಟ ಹಾಕಿಸಿ ಅಂತ ಹೇಳುತ್ತಿಲ್ಲ ಮತ್ತೆ! ಸಾಲ ಮಾಡಿ ಸಂತೋಷ ಹಂಚುವುದು ಬೇಡವೇ ಬೇಡ. ಒಂದು ಚಿಟಿಕೆ ಸಕ್ಕರೆ ಸಾಕು.

ದೂರ ಇರುವವರಿಗೆ ಫೋನಿನಲ್ಲಿ ಹೇಳಿ, ಒಳ್ಳೆಯದೇ. ಬೆಂಗಳೂರಿನಲ್ಲಿರುವ ತಂಗಿಗೆ, ದುಡಿಯಲು ಹೋದ ಮಗನಿಗೆ ಒಂದು ಗಳಿಗೆಯಲ್ಲಿ ಮುಟ್ಟುತ್ತದೆ. ಆದರೆ ಇನ್ನೂರು ಜನರಿಗೆ ಒಂದೇ ಸಲ ಸಂದೇಶ ಕಳಿಸಿ, ಪಕ್ಕದ ಮನೆಯ ಅಜ್ಜಿಗೆ ಹೇಳದೆ ಇರಬೇಡಿ. ಇನ್ನೂರು ಹೆಬ್ಬೆರಳಿನ ಚಿತ್ರಗಳಿಗಿಂತ ಆ ಅಜ್ಜಿ ತಲೆ ಸವರಿ “ಚಲೋ ಆತು ನನ ಮಗಳ” ಅನ್ನುವುದೇ ಹೆಚ್ಚು ದಿನ ನೆನಪಿರುತ್ತದೆ.

ಕೇಳುವವರಿಗೂ ಒಂದು ಮಾತು. ಹೇಳುವವಳಿಗೆ ಎಷ್ಟು ಧೈರ್ಯ ಬೇಕೋ ಕೇಳುವವಳಿಗೆ ಅಷ್ಟೇ ದೊಡ್ಡ ಮನಸ್ಸು ಬೇಕು. ಯಾರಾದರೂ ಸಿಹಿ ಸುದ್ದಿ ಹೇಳಿದರೆ ಕೂಡಲೇ “ನಮ್ಮ ಹುಡುಗಿಗೆ ಇನ್ನೂ ಹೆಚ್ಚು ಬಂದಿತ್ತು” ಎನ್ನಬೇಡಿ. “ಈ ವಯಸ್ಸಿನಾಗ ಇದ್ಯಾಕ ಬೇಕಿತ್ತು” ಎನ್ನಬೇಡಿ. ಹೆಣ್ಣು ಮಗುವಾಯಿತೆಂದು ಹೇಳಿದವಳಿಗೆ “ಮುಂದಿನ ಸಲ ಗಂಡಾಗಲಿ” ಅಂತ ಹರಸಲೇಬೇಡಿ, ಅದು ಹರಕೆಯಲ್ಲ. “ಹೌದಾ? ಹೆಂಗಾತು ಹೇಳು” ಅಂತ ಒಂದು ಮಾತು ಕೇಳಿ. ಎರಡು ನಿಮಿಷ ಕುಳಿತು ಕೇಳಿಸಿಕೊಳ್ಳಿ. ಉಡುಗೊರೆ ಏನೂ ಬೇಡ.

ಈಗ ಕಾಗದ ಬರೆದ ಸೋದರಿಗೆ ನೇರವಾಗಿ ಹೇಳ್ತೀನಿ. ಉಳಿದವರೂ ಕೇಳಿಸಿಕೊಳ್ಳಬಹುದು.

ತಂಗೀ, ಓಣಿಗೆ ಆಮೇಲೆ. ಮೊದಲು ಮಗಳಿಗೆ ಹೇಳು. ಯಾರೂ ಇಲ್ಲದಾಗ, ಅದೇ ಚಾಪೆಯ ಮೇಲೆ ಕುಳಿತು ಹೇಳು. ಇನ್ನೂ ನೋಡಿಲ್ಲ ಅಂತ ನೀನು ಹೇಳಿದ್ದು ಅಕ್ಕರೆಯಿಂದಲೇ, ನನಗೆ ಗೊತ್ತು. ಆದರೆ ಹಳ್ಳಿಯಲ್ಲಿ ಯಾವ ಸುದ್ದಿ ಎಷ್ಟು ದಿನ ಮುಚ್ಚಿಟ್ಟೀತು? ನಾಳೆ ಬೇರೆ ಯಾರದೋ ಬಾಯಿಂದ ಕೇಳಿದರೆ ಆಕೆಗೆ ಎರಡು ನೋವು. ತಾನು ಫೇಲಾದದ್ದು ಒಂದು, ಅವ್ವ ತನ್ನಿಂದ ಮುಚ್ಚಿಟ್ಟದ್ದು ಇನ್ನೊಂದು. ಎರಡನೆಯದೇ ಹೆಚ್ಚು ದಿನ ಉಳಿಯುವಂಥದ್ದು.

ಹೇಳುವಾಗ ಸಮಾಧಾನದ ದೊಡ್ಡ ದೊಡ್ಡ ಮಾತು ಬೇಡ. “ನಾನು ಈ ವಯಸ್ಸಿಗೆ ಪಾಸಾದೆ, ನಿನಗೇನಾಗಿತ್ತು” ಎನ್ನುವ ಅರ್ಥ ಬರುವ ಒಂದು ಮಾತೂ ಬೇಡ. ಇದ್ದದ್ದನ್ನು ಇದ್ದ ಹಾಗೇ ಹೇಳು: “ನಾನು ಪಾಸಾಗೀನವ್ವಾ. ನಿನ್ನ ಅಳು ನೋಡಿ ಹೇಳಾಕ ಬಾಯಿ ಬರಲಿಲ್ಲ. ನನಗ ಇಂಗ್ಲಿಷ್ ಹೇಳಿಕೊಟ್ಟಾಕಿ ನೀನು. ಇದರಾಗ ನಿಂದೂ ಐತಿ.” ಇದು ಆಕೆಯನ್ನು ಸಮಾಧಾನ ಮಾಡುವುದಕ್ಕೆ ಕಟ್ಟಿದ ಮಾತಲ್ಲ ನೋಡು, ನಿಜವಾದ ಮಾತು. ಒಬ್ಬರಿಗೆ ಹೇಳಿಕೊಟ್ಟು ಪಾಸು ಮಾಡಿಸುವಷ್ಟು ಇಂಗ್ಲಿಷ್ ಬಲ್ಲ ಹುಡುಗಿಗೆ ತಾನು ದಡ್ಡಿ ಅನ್ನಿಸುತ್ತಿದ್ದರೆ, ಅಲ್ಲವೆಂದು ತೋರಿಸುವುದಕ್ಕೆ ಇರುವ ಒಂದೇ ಒಂದು ಪುರಾವೆ ನಿನ್ನ ಟ್ರಂಕಿನಲ್ಲಿದೆ! ಅದನ್ನೇ ಮುಚ್ಚಿಟ್ಟರೆ ಹೇಗೆ?

ಆಕೆ ಅತ್ತರೆ ಅಳಲಿ. ಸಿಟ್ಟು ಮಾಡಿಕೊಂಡು ಎದ್ದು ಹೋದರೆ ಹಿಂದೆ ಹೋಗಬೇಡ, ಊಟಕ್ಕೆ ಕರೆ. ಒಂದೆರಡು ದಿನ ಕಳೆಯಲಿ. ಆಮೇಲೆ ಪರೀಕ್ಷೆ–2ರ ಮಾತು ತೆಗಿ. ಒಂದು ವಿಷಯ ಹೋದರೆ ವರ್ಷವೆಲ್ಲ ಕಾಯಬೇಕಾದ ಕಾಲ ಈಗಿಲ್ಲ, ಅದೇ ವರ್ಷ ಮತ್ತೊಂದು ಅವಕಾಶ ಇದೆ. ಶಾಲೆಯಲ್ಲಿ ವಿಚಾರಿಸಿ ದಿನಾಂಕ ತಪ್ಪದ ಹಾಗೆ ಶುಲ್ಕ ಕಟ್ಟು. ಗಣಿತ ನಿನಗೂ ಕಷ್ಟವಾಗಿತ್ತು ಎಂದಾದರೆ ನೀನು ಹೇಗೆ ದಾಟಿದೆ ಅಂತ ಹೇಳಿಕೊಡು. ಈ ಸಲ ಚಾಪೆಯ ಮೇಲೆ ನೀನು ಮೇಷ್ಟ್ರು, ಆಕೆ ವಿದ್ಯಾರ್ಥಿನಿ. ಸಾಲ ತೀರಿಸುವುದು ಅಂದರೆ ಇದೇ ಅಲ್ಲವೇ?

ಆನಂತರ ಅತ್ತೆಯವರಿಗೆ. ನಿನ್ನ ಯಜಮಾನರು ಜೊತೆಯಲ್ಲಿದ್ದಾಗ ಹೇಳು. ಮುಚ್ಚಿಟ್ಟು ಪರೀಕ್ಷೆ ಕಟ್ಟಿದೆಯೆಂದು ಅವರು ನಾಲ್ಕು ಮಾತು ಅಂದಾರು, ಅನ್ನಿಸಿಕೋ. “ನಿಮ್ಮ ಮೊಮ್ಮಗಳು ನನಗೆ ಕಲಿಸಿದಳತ್ತೀ” ಎಂದು ಹೇಳು. ಮಾರ್ಕ್ಸ್ ಕಾರ್ಡನ್ನು ಅವರ ಕೈಗೇ ಕೊಡು. ಅವರಿಗೆ ಓದಲು ಬಾರದಿದ್ದರೂ ಕೊಡು. ಅವರ ಕಾಲದಲ್ಲಿ ಅವರನ್ನು ಶಾಲೆಗೆ ಕಳಿಸುವ ಮಾತನ್ನಾದರೂ ಯಾರಾದರೂ ಆಡಿದ್ದರೋ ಇಲ್ಲವೋ, ಯಾರಿಗೆ ಗೊತ್ತು? ಸಿಟ್ಟಿನ ಹಿಂದೆ ಅಂಥದ್ದೇನೋ ಇದ್ದರೂ ಇದ್ದೀತು.

ಓಣಿಗೆ ಹೇಳುವ ಮೊದಲು ಮಗಳ ಒಪ್ಪಿಗೆ ಕೇಳು. ಈಗ ಬೇಡವೆಂದರೆ ಆಕೆಯ ಪರೀಕ್ಷೆ ಮುಗಿಯುವವರೆಗೆ ತಡಿ, ಸುದ್ದಿ ಹಳಸುವುದಿಲ್ಲ. ಹೂಂ ಅಂದರೆ ಇಬ್ಬರೂ ಕೂಡಿ ಉಂಡಿ ಕಟ್ಟಿ. ನೆರೆಮನೆಯವರಿಗೆ “ನಾನು ಪಾಸಾದೆ, ಮಗಳು ಹೇಳಿಕೊಟ್ಟಳು, ಆಕೀದು ಒಂದು ವಿಷಯ ಉಳದೈತಿ, ಅದೂ ಆಗ್ತೈತಿ” ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡು. ಫೇಲಾದದ್ದನ್ನು ಪಿಸುಗುಟ್ಟಿ ಹೇಳಿದರೆ ಅದು ಪಾಪದ ಹಾಗೆ ಕೇಳಿಸುತ್ತದೆ. ಎಂದಿನ ದನಿಯಲ್ಲಿ ಹೇಳಿದರೆ ಉಳಿದ ಕೆಲಸದ ಹಾಗೆ ಕೇಳಿಸುತ್ತದೆ. ಆ ಹುಡುಗಿ ತಲೆ ಎತ್ತಿ ಓಣಿಯಲ್ಲಿ ನಡೆಯುವುದು ನಿನ್ನ ಈ ದನಿಯ ಮೇಲೆ ನಿಂತಿದೆ.

ಹಂಚುವುದಕ್ಕೆ ಖರ್ಚು ಹೆಚ್ಚು ಬಾರದ, ನಮ್ಮ ಕಡೆ ಎಲ್ಲರ ಮನೆಯಲ್ಲೂ ಸಾಮಾನು ಸಿಗುವ ಶೇಂಗಾ ಉಂಡಿಯ ವಿಧಾನ ಇಲ್ಲಿದೆ. ಮಾಡುವುದು ಸುಲಭ, ವಾರವಿಟ್ಟರೂ ಕೆಡುವುದಿಲ್ಲ.

ಶೇಂಗಾ ಉಂಡಿ

ಬೇಕಾಗುವ ಸಾಮಾನು: ಶೇಂಗಾ ಬೀಜ ಕಾಲು ಕಿಲೋ, ಬೆಲ್ಲ 200 ಗ್ರಾಂ, ಎಳ್ಳು ಎರಡು ಚಮಚ, ಏಲಕ್ಕಿ ನಾಲ್ಕು.

ಮಾಡುವ ವಿಧಾನ: ಶೇಂಗಾವನ್ನು ಸಣ್ಣ ಉರಿಯಲ್ಲಿ ಕೈ ಬಿಡದೆ ಹುರಿಯಿರಿ. ಸಿಪ್ಪೆ ಬಿರಿದು ಘಮ್ಮೆಂದು ವಾಸನೆ ಬಂದಾಗ ಇಳಿಸಿ, ಆರಿದ ಮೇಲೆ ಕೈಯಲ್ಲಿ ತಿಕ್ಕಿ ಸಿಪ್ಪೆ ತೆಗೆದು ಮೊರದಲ್ಲಿ ಕೇರಿಕೊಳ್ಳಿ. ಎಳ್ಳನ್ನು ಚಟಪಟ ಎನ್ನುವವರೆಗೆ ಬೇರೆಯಾಗಿ ಹುರಿಯಿರಿ. ಶೇಂಗಾ, ಪುಡಿ ಮಾಡಿದ ಬೆಲ್ಲ, ಏಲಕ್ಕಿ ಕೂಡಿಸಿ ಒರಳಲ್ಲಿ ಕುಟ್ಟಿ. ಮಿಕ್ಸಿಯಾದರೆ ತಡೆತಡೆದು ತಿರುಗಿಸಿ, ಬಿಡದೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ತರಿತರಿಯಾಗಿ ಇದ್ದರೇ ರುಚಿ. ಕೊನೆಗೆ ಎಳ್ಳು ಬೆರೆಸಿ, ಅಂಗೈಯಲ್ಲಿ ಬಿಗಿಯಾಗಿ ಒತ್ತಿ ನಿಂಬೆ ಗಾತ್ರದ ಉಂಡಿ ಕಟ್ಟಿ. ಉದುರುತ್ತಿದ್ದರೆ ಒಂದು ಚಮಚ ತುಪ್ಪ ಸೇರಿಸಿ. ಶೇಂಗಾ ಒಗ್ಗದವರು, ಸಕ್ಕರೆ ಕಾಯಿಲೆಯವರು ಇರುವ ಮನೆಗೆ ಬಾಳೆಹಣ್ಣು ಕೊಟ್ಟರಾಯಿತು. ಇಷ್ಟು ಅಳತೆಗೆ ಹದಿನೈದು ಇಪ್ಪತ್ತು ಉಂಡಿ ಆಗುತ್ತವೆ. ಒಂದು ಓಣಿಗೆ ಸಾಕು.

ಉಂಡಿ ಹಂಚುವಾಗ ಮೇಲೆ ಹೇಳಿದ ಆ ಬಿಟ್ಟುಹೋದ ಬಾಗಿಲುಗಳನ್ನು ಮರೆಯಬೇಡಿ. ಈಚೆಗೆ ದುಃಖವಾದ ಮನೆಯಿದ್ದರೆ ಎಲ್ಲರ ಜೊತೆಗೆ ಗಲಾಟೆಯಲ್ಲಿ ಹೋಗದೆ, ಒಬ್ಬರೇ ಹೋಗಿ ಮೊದಲು ಅವರ ಮಾತು ಕೇಳಿ ಆಮೇಲೆ ನಿಮ್ಮದನ್ನು ಹೇಳಿ. ಮಕ್ಕಳಿಲ್ಲದ ಗೆಳತಿಗೆ ನೀವು ಬಸುರಿಯಾದ ಸುದ್ದಿಯನ್ನು ನೀವೇ ಹೇಳಬೇಕು, ಕುಬಸದ ದಿನ ಬೇರೆಯವರಿಂದ ತಿಳಿಯಬಾರದು.

ಇನ್ನು ನಿಮ್ಮೆಲ್ಲರಿಗೂ ಒಂದು ಕೆಲಸ ಕೊಡ್ತೀನಿ. 50 ಪೈಸೆಯ ಕಾರ್ಡು ಅಂಚೆ ಮನೆಯಲ್ಲಿ ಇನ್ನೂ ಸಿಗುತ್ತದೆ. ಈ ಹದಿನೈದು ದಿನದಲ್ಲಿ ನಿಮಗೆ ಆದ ಒಂದು ಚಿಕ್ಕ ಒಳ್ಳೆಯದನ್ನು ಅದರಲ್ಲಿ ಬರೆದು ಕಳಿಸಿ. ಕೈ ತೋಟದಲ್ಲಿ ಬಿಟ್ಟ ಮೊದಲ ಬದನೆಕಾಯಿ, ತೀರಿದ ಸಾಲ, ಗುಣವಾದ ಕೆಮ್ಮು, ಒಬ್ಬರೇ ಮಾಡಿದ ಪ್ರಯಾಣ, ಏನಾದರೂ ಸರಿ. ಹೆಸರು ಹಾಕಬೇಕೆಂದಿಲ್ಲ. ಬೇಕೆನಿಸಿದರೆ ಮೂಲೆಗೆ ಸ್ವಲ್ಪ ಅರಿಶಿನ ಹಚ್ಚಿ. ನಿಮಗಿಂತ ಮೊದಲು ಪಕ್ಕದ ಮನೆಯವರಿಗೆ ಹೇಳಿದ್ದೀರೋ ಇಲ್ಲವೋ ಅದನ್ನೂ ಬರೆಯಿರಿ.

ಮುಂದಿನ ಸಂಚಿಕೆಯಲ್ಲಿ ಬೇಸಿಗೆಗೆ ಮಾಡಿಡುವ ಹಪ್ಪಳ ಸಂಡಿಗೆಯ ಮಾತು. ಅಲ್ಲಿಯವರೆಗೆ, ಬರ್ತೀನಿ.

ನಿಮ್ಮ ಪಡಸಾಲೆಯ ಅಕ್ಕ